ಬಿಸಿ ಮುದ್ದೆಯ ಸುಳ್ಳು

ಸುಳ್ಳು ಹೇಳಿದ್ದೆ, ಶಾಹೀನ್. ಗಂಡ ಮತ್ತು ಮಾವನವರ ಪಕ್ಕದಲ್ಲೇ ತಟ್ಟೆ ಹಾಕಿಕೊಂಡು ಕೂತು ಬಿಸಿ ಮುದ್ದೆ ಉಂಡೆ ಅಂತ ನಿಮ್ಮೆಲ್ಲರ ಮುಂದೆ ಹೇಳಿದೆನಲ್ಲ, ನೀವೆಲ್ಲ ಹಪ್ಪಳದ ಹಿಟ್ಟು ಮೆತ್ತಿದ ಕೈಯಲ್ಲೇ ಚಪ್ಪಾಳೆ ತಟ್ಟಿದಿರಲ್ಲ — ಅದು ನಡೆಯಲೇ ಇಲ್ಲ. ಒಂದು ದಿನವೂ ನಡೆಯಲಿಲ್ಲ. ಆ ಮುದ್ದೆಯನ್ನು ನಾನು ಬಾಯಲ್ಲೇ ಕಟ್ಟಿದ್ದು.

ಬೇರೆ ಯಾರಾದರೂ ಇದನ್ನು ಓದಿದರೆ ನಕ್ಕಾರು. ಊಟಕ್ಕೆ ಕೂತಳೋ ನಿಂತಳೋ, ಇದಕ್ಕೂ ಒಂದು ತಪ್ಪೊಪ್ಪಿಗೆಯೇ ಅಂತ. ನಗಲಿ ಬಿಡು. ಆಗ ನಾವೂ ನಗುತ್ತಲೇ ಇದ್ದೆವು. ಈಗಲೂ ಆ ಭಾನುವಾರಗಳು ನೆನಪಾದರೆ ನನಗೆ ಮೊದಲು ಬರುವುದು ನಗು, ಆಮೇಲೆ — ಆಮೇಲಿನದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತೆಂಟರ ಬೇಸಿಗೆ. ಮರಳೂರಿನಲ್ಲಿ ವಿಮಲಾ ಮೇಡಂ ಬಾಡಿಗೆಗಿದ್ದ ಮನೆಯ ತಾರಸಿ. ಮೇಡಂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಒಬ್ಬರೇ ಇದ್ದರು. ನಾವು ಏಳು ಜನ ಹೆಂಗಸರು ಭಾನುವಾರ ಮೂರು ಗಂಟೆಗೆ ಅಲ್ಲಿ ಸೇರುತ್ತಿದ್ದೆವು. ಸ್ತ್ರೀವಾದ ಓದುವುದಕ್ಕೆ ಹೋಗುತ್ತೇವೆ ಅಂದರೆ ಯಾವ ಮನೆಯಲ್ಲಿ ಕಳಿಸುತ್ತಾರೆ? ಹಪ್ಪಳ ಮಾಡುವುದಕ್ಕೆ ಅಂತ ಹೇಳಿದೆವು. ಹೇಳಿದ ಮೇಲೆ ಮನೆಗೆ ಹಪ್ಪಳ ತೋರಿಸಬೇಕಲ್ಲ! ಹಾಗಾಗಿ ನಿಜವಾಗಿಯೂ ಉದ್ದಿನ ಹಿಟ್ಟು ಕುಟ್ಟಿದೆವು, ಲಟ್ಟಿಸಿದೆವು, ಹಳೇ ಸೀರೆ ಹಾಸಿ ಒಣಗಿಸಿದೆವು. ಮೇಡಂ ಜೆರಾಕ್ಸ್ ಹಾಳೆ ತರುತ್ತಿದ್ದರು. ನಾನು ಬಿ.ಎ. ಮುಗಿಸಿದ್ದ ಪ್ರೈಮರಿ ಶಾಲೆಯ ಟೀಚರು, ದನಿಯೂ ದೊಡ್ಡದು, ಹಾಗಾಗಿ ಓದುವ ಕೆಲಸ ನನ್ನದು. ನೀನು ಕಾಗೆ ಓಡಿಸುತ್ತಾ ಕೇಳುತ್ತಿದ್ದೆ. ಅರ್ಥವಾಗದಿದ್ದರೆ ಅಲ್ಲಿಂದಲೇ ಕೂಗುತ್ತಿದ್ದೆ. "ಗಿರಿಜಕ್ಕಾ, ಅದೇನೋ ಪಿತೃಪ್ರಧಾನ ಅಂದ್ರಲ್ಲ, ನಮ್ಮ ಮಾವ ಅಂತ ಹಾಕ್ಕೊಂಡ್ರೆ ಸಾಕಲ್ವಾ?" ಮೇಡಂ ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು.

ಓದುವುದಷ್ಟೇ ಅಲ್ಲ, ವಾರಕ್ಕೊಂದು ಹೋಂವರ್ಕೂ ಇರುತ್ತಿತ್ತು. ಎಲ್ಲರೂ ಕೂತಿರುವಾಗ ನೀರಿಗೆ ಎದ್ದು ಹೋಗುವವರು ಯಾರು ಅಂತ ಒಂದು ವಾರ ಬರೆದಿಡಬೇಕು. ಇನ್ನೊಂದು ವಾರ, ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತ ಗಂಡಸನ್ನು ಎಬ್ಬಿಸಬೇಕು. ಆ ವಾರ ಮೇಡಂ ನಮ್ಮನ್ನೆಲ್ಲ ಗುಬ್ಬಿಯಲ್ಲಿದ್ದ ಅವರ ಅಕ್ಕನ ಮನೆಗೆ ಊಟಕ್ಕೆ ಕರೆದುಕೊಂಡು ಹೊರಟಿದ್ದರು, ನೆನಪಿದೆಯಾ? ಒಬ್ಬ ಮೀಸೆಯವನು ನಮ್ಮ ಸೀಟಿನಲ್ಲಿ ಕೂತು, ನಮ್ಮನ್ನು ನೋಡಿದ ಕೂಡಲೇ ಗಾಢ ನಿದ್ದೆಗೆ ಬಿದ್ದುಬಿಟ್ಟ. ನಾನು ಎರಡು ಸಲ "ಏನ್ ಸಾರ್, ಏನ್ ಸಾರ್" ಅಂದು ಸುಮ್ಮನಾದೆ. ನೀನು ಅವನ ಕಿವಿಯ ಹತ್ತಿರ ಬಗ್ಗಿ, "ಗುಬ್ಬಿ ಬಂತು, ಗುಬ್ಬಿ! ಇಳೀರಿ ಬೇಗ!" ಅಂತ ಕಿರುಚಿದೆ. ಅವನು ಚೀಲ ಎತ್ತಿಕೊಂಡು ಬಾಗಿಲಿಗೆ ಓಡಿದ, ನೀನು ಜಾಗದಲ್ಲಿ ಕೂತೆ. ಗುಬ್ಬಿ ಇನ್ನೂ ದೂರವಿತ್ತು, ಬಸ್ಸು ಹೆಗ್ಗೆರೆಯನ್ನೂ ದಾಟಿರಲಿಲ್ಲ.

ಆಗಲೇ ನನಗೆ ಗೊತ್ತಾಗಬೇಕಿತ್ತು. ನಾನು ಓದುವವಳು, ನೀನು ಮಾಡುವವಳು ಅಂತ. ಗೊತ್ತಾಯಿತು ಅನ್ನಿಸುತ್ತದೆ — ಒಳಗೊಳಗೆ ಚುಚ್ಚಿತು ಕೂಡ. ಹತ್ತನೇ ಕ್ಲಾಸು ದಾಟದವಳು, ಸತ್ಯಮಂಗಲದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು, ಎಲ್ಲರ ಮೆಚ್ಚುಗೆ ಹೊಡೆದುಕೊಂಡು ಹೋದಳಲ್ಲ ಅಂತ. ಹೌದು ಕಣೇ, ಇಷ್ಟು ಸಣ್ಣ ಮನಸ್ಸು ನನ್ನದು.

ಮುಂದಿನ ಹೋಂವರ್ಕು ಊಟದ್ದು. ನಮ್ಮ ಏಳೂ ಮನೆಗಳಲ್ಲಿ, ಜಾತಿ ಯಾವುದಾದರೇನು, ಒಂದೇ ಪದ್ಧತಿ ಇತ್ತು. ಗಂಡಸರು ಉಂಡೆದ್ದ ಮೇಲೆ ಹೆಂಗಸರು. ನಿಮ್ಮ ಮನೆಯಲ್ಲಿ ರೊಟ್ಟಿ, ನಮ್ಮ ಮನೆಯಲ್ಲಿ ಮುದ್ದೆ, ನಮ್ಮ ಪಾಲಿಗೆ ಬರುವಾಗ ಎರಡೂ ತಣ್ಣಗೆ. ಬಿಸಿಯಿದ್ದಾಗ ಜಾರಿಕೊಂಡು ಇಳಿಯುವ ಮುದ್ದೆ ಆರಿದರೆ ಗಂಟಲಲ್ಲಿ ನಿಂತುಬಿಡುತ್ತದೆ. ಈ ವಾರ ಎಲ್ಲರೂ ಗಂಡಸರ ಜೊತೆಗೇ ಕೂತು ಉಣ್ಣಬೇಕು ಅಂದರು ಮೇಡಂ.

ನಮ್ಮ ಮನೆಯಲ್ಲಿ ಅದು ಸುಲಭ ಅಂತಲೇ ಎಲ್ಲರ ಲೆಕ್ಕ. ನಮ್ಮ ಯಜಮಾನರು ಶರಣರ ಕಾರ್ಯಕ್ರಮಗಳಲ್ಲಿ ಹೆಣ್ಣು ಗಂಡು ಸಮಾನ ಅಂತ ಭಾಷಣ ಮಾಡುತ್ತಿದ್ದವರು. ಮಾವನವರು ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದವರು. ಇಬ್ಬರೂ ಮನೆಗೆ ಬಂದು ಮಣೆ ಹಾಕಿಕೊಂಡು ಕೂರುತ್ತಿದ್ದರು, ನಾನು ಬಡಿಸುತ್ತಿದ್ದೆ. ಆ ವಾರ ದಿನಾ ನನ್ನ ತಟ್ಟೆಯನ್ನು ಕೈಗೆ ತೆಗೆದುಕೊಂಡೆ, ದಿನಾ ವಾಪಸ್ ಇಟ್ಟೆ. ಯಾರೂ ಬೈದಿರಲಿಲ್ಲ, ಯಾರೂ ಬೇಡ ಅಂದಿರಲಿಲ್ಲ. ಕಾಲೇ ಮಡಚಲಿಲ್ಲ ನೋಡು.

ಭಾನುವಾರ ಮೇಡಂ ಎಲ್ಲರನ್ನೂ ಕೇಳುತ್ತಾ ಬಂದರು. ಒಬ್ಬೊಬ್ಬರೂ ತಲೆ ತಗ್ಗಿಸಿ ಆಗಲಿಲ್ಲ, ಆಗಲಿಲ್ಲ ಅಂದರು. ನೀನೂ ಅಂದೆ. ಬಸ್ಸಿನ ವೀರವನಿತೆ ನೀನೇ ಆಗಲಿಲ್ಲ ಅಂದದ್ದು ಕೇಳಿ ನನಗೆ ಏನಾಯಿತೋ —

"ನಾನು ಕೂತೆ," ಅಂದೆ.

ಆಮೇಲೆ ಬಾಯಿಗೆ ಬ್ರೇಕ್ ಇರಲಿಲ್ಲ. ಮುದ್ದೆಯ ಹಬೆ ಮುಖಕ್ಕೆ ಹೊಡೆದದ್ದು, ಯಜಮಾನರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ್ದು, ಮಾವನವರೇ ಸ್ವತಃ ನನ್ನ ತಟ್ಟೆಗೆ ಒಂದು ಚಮಚ ತುಪ್ಪ ಹಾಕಿ "ಉಣ್ಣು ತಾಯಿ" ಅಂದದ್ದು. ಆ ತುಪ್ಪ ಎಲ್ಲಿಂದ ಬಂತೋ ನಾನರಿಯೆ. ನೀನು ಎದ್ದು ಬಂದು ನನ್ನ ಕೆನ್ನೆ ಹಿಡಿದು "ಶಭಾಷ್ ಅಕ್ಕಾ!" ಅಂದೆ. ಎರಡೂ ಕೆನ್ನೆಗೆ ಉದ್ದಿನ ಹಿಟ್ಟು. ಜೀವನದಲ್ಲಿ ಅಷ್ಟು ಖುಷಿಯಾದದ್ದು ಕಡಿಮೆ, ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಮಾತು ನಂಬಿ ನೀನು ಗುರುವಾರ ಕೂತೆ.

ನೀನು ಕೂತಾಗ ನೀರಿನ ಲೋಟ ಚೆಲ್ಲಿತಂತೆ. ಮಾವ ತಟ್ಟೆ ಬಿಟ್ಟು ಎದ್ದರಂತೆ. ಅತ್ತೆ ಮಾತು ಬಿಟ್ಟರಂತೆ. ಗಂಡ ಸೂರು ನೋಡುತ್ತಾ ಉಂಡನಂತೆ. ಆ ಭಾನುವಾರ ನೀನು ತಾರಸಿಗೆ ಬಂದಿರಲಿಲ್ಲ. ಸೋಮವಾರ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಸಿಕ್ಕಾಗ ನಿನ್ನ ಕಣ್ಣು ಊದಿತ್ತು. ಆದರೂ ದಿನಾ ಕೂರುತ್ತಿದ್ದೆ. ಫ್ಯಾಕ್ಟರಿ ಬಿಡಿಸಿ ಗುಬ್ಬಿಯ ತವರಿಗೆ ಕಳಿಸುತ್ತೇನೆ ಅಂತ ಮಾವ ಹೇಳಿಯಾಗಿತ್ತು. ಆಗ ನೀನು ಕೇಳಿದೆ:

"ಅಕ್ಕಾ, ನಿಮ್ಮನೇಲಿ ಎಷ್ಟು ದಿನ ಮಾತು ಬಿಟ್ಟಿದ್ರು?"

ಆಗಲಾದರೂ ಹೇಳಬಹುದಿತ್ತು. ಬಸ್ಸು ಬರುವುದಕ್ಕೆ ಇನ್ನೂ ಐದು ನಿಮಿಷವಿತ್ತು — ಐದು ನಿಮಿಷ ಬೇಕಾದಷ್ಟಾಯಿತು. ಮಾವನೇ ತುಪ್ಪ ಹಾಕಿದರು ಅಂದವಳು ನಾನು, ಮಾತು ಬಿಟ್ಟರು ಅನ್ನುವುದಾದರೂ ಹೇಗೆ? ಅದಕ್ಕೂ ಹಾದಿ ಹುಡುಕಿದೆ.

"ತುಪ್ಪ ಹಾಕಿದ್ದು ಕೊನೇಗೆ ಕಣೇ. ಅದಕ್ಕೆ ಮುಂಚೆ ನಡೆದದ್ದು ನಿಮ್ಗೆ ಹೇಳ್ಲಿಲ್ಲ. ಹತ್ತು ದಿನ ಬಿಟ್ಟಿದ್ರು. ಹತ್ತು ದಿನ ತಡ್ಕೋ, ತಾನಾಗೇ ಸರಿಹೋಗುತ್ತೆ."

ಹತ್ತು! ಯಾಕೆ ಹತ್ತು? ಹೋಂವರ್ಕು ಕೊಟ್ಟು ನಾನು ಕೂತೆ ಅನ್ನುವ ಹೊತ್ತಿಗೆ ಏಳೇ ದಿನವಾಗಿತ್ತು, ಲೆಕ್ಕವೂ ಕೂಡುವುದಿಲ್ಲ. ಬಾಯಿಗೆ ಬಂತು, ಅಂದೆ. ನೀನು ಬೆರಳು ಮಡಚುತ್ತಾ ದಿನ ಎಣಿಸಿದೆ. ನನ್ನ ಬಾಯಿಗೆ ಬಂದ ಒಂದು ಅಂಕಿಯ ಮೇಲೆ ನಿನ್ನ ಸಂಸಾರ, ನಿನ್ನ ಕೆಲಸ, ಎಲ್ಲ ನಿಂತಿತು. ಶನಿವಾರ ಮತ್ತೆ ಸಿಕ್ಕಿದೆ.

"ಇವತ್ತಿಗೆ ಹತ್ತು ಅಕ್ಕಾ. ಏನೂ ಆಗ್ಲಿಲ್ಲ. ನಾಳೆ ಊಟ ಆದ್ಮೇಲೆ ಗುಬ್ಬಿಗೆ ಬಿಟ್ಟು ಬರ್ತಾರಂತೆ." ಅಷ್ಟು ಹೇಳಿ, ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳಿದೆ. "ಇರ್ಲಿ ಬಿಡಿ. ನಿಮ್ಮನೆಯವ್ರು ಓದಿದವ್ರು, ನಮ್ಮವ್ರಿಗೆ ಒಂದೆರಡು ದಿನ ಜಾಸ್ತಿ ಹಿಡೀಬೋದು."

ನಮ್ಮನೆಯವರು ಓದಿದವರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಭಾನುವಾರ ತಲೆನೋವು ಅಂತ ಮೇಡಂಗೆ ಹೇಳಿಕಳಿಸಿ ಮನೆಯಲ್ಲೇ ಉಳಿದೆ. ಎರಡೂವರೆ ಗಂಟೆ. ಗಂಡಸರು ಉಂಡು ಮಲಗಿದ್ದರು. ನಾನು ಒಲೆಕಟ್ಟೆಗೆ ಒರಗಿ, ನಿಂತುಕೊಂಡು, ಆರಿದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದೆ. ಹಿತ್ತಲ ಬಾಗಿಲಿನಿಂದ ನೀನು ನುಗ್ಗಿದೆ. ಬುರ್ಖಾದ ಅಂಚೆಲ್ಲ ಧೂಳು, ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ರೊಟ್ಟಿ, ಮುಖದ ತುಂಬ ನಗು.

"ಕೂತ್ರು ಅಕ್ಕಾ! ನಮ್ಮತ್ತೆ ಕೂತ್ರು! ಗುಬ್ಬಿಗೆ ಹೋಗೋ ಬ್ಯಾಗು ಬಾಗ್ಲಲ್ಲಿತ್ತು. ನಾನು ಇವತ್ತೂ ಕೂತೆ. ಮಾವ ಏಳೋಕೆ ಹೋದ್ರು. ಅತ್ತೆ ದಢಾರ್ ಅಂತ ನನ್ನ ಪಕ್ಕ ಕೂತು, 'ನಲವತ್ತು ವರ್ಷ ತಣ್ಣನೇ ರೊಟ್ಟಿ ಅಗ್ದೂ ಅಗ್ದೂ ಹಲ್ಲೆಲ್ಲ ಹೋಯ್ತು, ಉಳಿದಿರೋ ನಾಲ್ಕಾದ್ರೂ ಉಳೀಲಿ! ಕೂತ್ಕೊಳ್ರೀ!' ಅಂದ್ರು. ಮಾವ ಕೂತುಬಿಟ್ರು ಅಕ್ಕಾ! ಬ್ಯಾಗು ಬಿಚ್ಚಿ ಬಟ್ಟೆ ಬೀರೂಗಿಟ್ಟು ಬಂದೆ!"

ನಾವಿಬ್ಬರೂ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು, ಕುಣಿದೆವು. ಆಮೇಲೆ ನೀನು ನನ್ನ ತಟ್ಟೆ ನೋಡಿದೆ.

"ಏನಕ್ಕಾ, ಈಗ ಊಟಾನಾ?"

"ಇದು ಎರಡ್ನೇ ಸಲ ಕಣೇ. ಅವ್ರ ಜೊತೆ ಕೂತು ಉಂಡೆ, ಮತ್ತೆ ಹಸಿವಾಯ್ತು."

"ಅಯ್ಯಯ್ಯೋ, ಎರಡೆರಡು ಮುದ್ದೆ! ಸ್ತ್ರೀವಾದ ಚೆನ್ನಾಗೇ ಮೈಗೆ ಹತ್ತಿದೆ ನಿಮ್ಗೆ!"

ಆ ದಿನ ನೀನು ತಂದ ರೊಟ್ಟಿಯನ್ನು ನಾನು ತಿಂದೆ. ಬಿಸಿಯಾಗಿತ್ತು. ಕಣ್ಣಲ್ಲಿ ನೀರು ಬಂತು. ನೀನು ಖುಷಿಗೆ ಅಂದುಕೊಂಡೆ, ಖುಷಿಯೂ ಇತ್ತು. ಅದಾದ ಮೇಲೆ ಮೇಡಂಗೆ ಬೇರೆ ಊರಿಗೆ ವರ್ಗವಾಯಿತು, ಹಪ್ಪಳದ ಭಾನುವಾರಗಳು ನಿಂತವು. ನೀವು ಕುಣಿಗಲ್ಲಿಗೆ ಮನೆ ಬದಲಾಯಿಸಿದಿರಿ. ನಿನ್ನ ಜೊತೆ ಅತ್ತೆಯೂ ಬಂದರು, ನಾಲ್ಕು ಹಲ್ಲಿನ ಸಮೇತ.

ಹನ್ನೊಂದು ವರ್ಷ ಕಳೆದು ಮೊನ್ನೆ ಭಾನುವಾರ ನೀನು ನನ್ನನ್ನು ಕುಣಿಗಲ್ಲಿಗೆ ಕರೆಸಿದೆ. ಕೆರೆಯ ಕಡೆಯ ಗಾಳಿ ಬರುವ ನಿನ್ನ ಹೊಲಿಗೆ ಕ್ಲಾಸು, ಇಪ್ಪತ್ತು ಹುಡುಗಿಯರು, ಮೆಷಿನ್ನಿನ ಮೇಲೆ ಬಟ್ಟೆ, ಗೋಡೆಯ ಮೇಲೆ "ಈ ವಾರದ ಹೋಂವರ್ಕು" ಅಂತ ಚಾಕ್‌ಪೀಸಿನಲ್ಲಿ ಬರೆದದ್ದು. ಎಷ್ಟು ಸಂತೋಷವಾಯಿತು ಗೊತ್ತಾ! ನಮ್ಮ ತಾರಸಿಯೇ ಎದ್ದು ಅಲ್ಲಿಗೆ ಬಂದು ಕೂತಿತ್ತು. ನೀನು ನನ್ನ ಕೈ ಹಿಡಿದು ಅವರ ಮುಂದೆ ನಿಲ್ಲಿಸಿ ಹೇಳಿದೆ. "ನಾನು ಎರಡ್ನೆಯವಳು ಕಣ್ರೇ. ಮೊದ್ಲು ಕೂತವ್ರು ಇವ್ರು. ಇವ್ರು ಕೂರ್ದೇ ಇದ್ದಿದ್ರೆ ನಾನೂ ಕೂರ್ತಿರ್ಲಿಲ್ಲ."

ನಾನು ಮತ್ತೆ ಹೇಳಿದೆ, ಶಾಹೀನ್. ಹಬೆ, ತುಪ್ಪ, ಎಲ್ಲ. ಒಬ್ಬಳು ಎರಡು ಜಡೆಯ ಹುಡುಗಿ "ಆಂಟಿ, ಫಸ್ಟ್ ದಿನ ಕೈ ನಡುಗ್ಲಿಲ್ವಾ?" ಅಂದಳು. ನನಗೇನು ಗೊತ್ತು? ಬಸ್ ಕಾಯುತ್ತಾ ನೀನು ಅಂದು ಹೇಳಿದ್ದು ನೆನಪಾಯಿತು. "ನಡುಗ್ತಮ್ಮ, ನೀರಿನ ಲೋಟ ಚೆಲ್ಲಿಬಿಟ್ಟೆ," ಅಂದೆ. ನೀನು ಕಣ್ಣರಳಿಸಿ, "ನೋಡಿ! ನನಗೂ ಹಂಗೇ ಆಗಿತ್ತು!" ಅಂದೆ.

ನಿನ್ನ ಲೋಟ ಅದು. ನಿನ್ನ ನೀರು. ಅದನ್ನೂ ಕದ್ದೆ, ನಿನ್ನ ಎದುರಿಗೇ.

ಮಾರನೇ ದಿನ ರಾತ್ರಿ ಮುದ್ದೆ ತೊಳಸಿದೆ. ಮಾವನವರು ಹೋಗಿ ಆರು ವರ್ಷವಾಯಿತು, ಈಗ ಮನೆಯಲ್ಲಿ ನಾವಿಬ್ಬರೇ. ಎರಡು ತಟ್ಟೆ ಇಟ್ಟು, ಇವರ ಪಕ್ಕ ಕೂತೆ. ಕೈ ನಡುಗಿತು. ಇವರು ತಿರುಗಿ ನೋಡಿದರು.

"ಯಾಕೆ, ಬೇಗ ಹಸಿವಾಯ್ತಾ?" ಅಂದರು. ಒಂದು ತುತ್ತು ನುಂಗಿ, "ಸಾರು ಚೆನ್ನಾಗಿದೆ," ಅಂದರು.

ಅಷ್ಟೇ. ಅಷ್ಟೇ ಕಣೇ! ಗುಡುಗಿಲ್ಲ, ಸಿಡಿಲಿಲ್ಲ. ನಾನು ದೊಡ್ಡ ತುತ್ತನ್ನೇ ಮುರಿದು ಬಾಯಿಗಿಟ್ಟೆ, ನಾಲಿಗೆ ಸುಟ್ಟಿತು. ಬಿಸಿ ಮುದ್ದೆ ಸುಡುತ್ತದೆ ಅನ್ನುವುದು ನನ್ನ ಕಥೆಯಲ್ಲಿ ಇರಲೇ ಇಲ್ಲ ನೋಡು, ಮರೆತೇ ಹೋಗಿತ್ತು. ನಗು ಬಂದು ಕೆಮ್ಮಿದೆ. ಇವರೇ ನೀರಿನ ಲೋಟ ಸರಿಸಿದರು. ಹನ್ನೊಂದು ವರ್ಷದ ಹಿಂದೆ ಕೂತಿದ್ದರೆ ಇಷ್ಟೇ ಅನ್ನುತ್ತಿದ್ದರೋ, ನಿನ್ನ ಮಾವನ ಹಾಗೆ ಎದ್ದು ಹೋಗುತ್ತಿದ್ದರೋ ಗೊತ್ತಿಲ್ಲ. ನಾನು ಕೂತು ನೋಡಲಿಲ್ಲವಲ್ಲ.

ಹೆದರಿದ್ದೆ ಅಂತಾಗಲಿ, ಕಾಲ ಹಾಗಿತ್ತು ಅಂತಾಗಲಿ ಹೇಳುವುದಿಲ್ಲ. ನಿನಗೂ ಅದೇ ಕಾಲ, ನಿನಗೂ ಹೆದರಿಕೆ, ನಿನಗೆ ಬಾಗಿಲಲ್ಲಿ ಬ್ಯಾಗು ಬೇರೆ. ನೀನು ಕೂತೆ.

ಈ ಭಾನುವಾರ ಒಂಬತ್ತರ ಬಸ್ಸಿಗೆ ಕುಣಿಗಲ್ಲಿಗೆ ಬರುತ್ತೇನೆ. ಓದುವ ಕೆಲಸ ನನ್ನದೇ ಅಲ್ಲವೇ, ಈ ಹಾಳೆಗಳನ್ನು ಮೊದಲು ನಿನಗೆ, ಆಮೇಲೆ ಆ ಇಪ್ಪತ್ತು ಹುಡುಗಿಯರಿಗೆ ಗಟ್ಟಿಯಾಗಿ ಓದುತ್ತೇನೆ. ನೀನು ಬೈಯಬಹುದು, ಮಾತು ಬಿಡಬಹುದು. ಎಷ್ಟು ದಿನವಾದರೂ ತಡೆದುಕೊಳ್ಳುತ್ತೇನೆ, ಈ ಸಲ ಎಣಿಸುವುದಿಲ್ಲ. ಆದರೆ 'ನಾನು ಎರಡ್ನೆಯವಳು' ಅಂತ ಇನ್ನು ಯಾರ ಮುಂದೆಯೂ ಹೇಳಬೇಡ. ಅಂದು ನಿನಗಿಂತ ಮುಂಚೆ ಯಾರೂ ಕೂತಿರಲಿಲ್ಲ. ಮೊದಲು ಕೂತವಳು ನೀನು, ಶಾಹೀನ್. ನಾನು ಕೂತದ್ದು ಮೊನ್ನೆ ಸೋಮವಾರ.