ಸತ್ತವರ ಯಾದಿ

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಖಾನಾಪುರದ ಆ ಎರಡು ಕೋಣೆಯ ಸರ್ಕಾರಿ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ನನ್ನವ್ವ ದವಾಖಾನೆಯ ನರ್ಸು. ಅವಳ ಸೆರಗಿಗೆ, ಅವಳು ಬಡಿದ ರೊಟ್ಟಿಗೆ, ಕಡೆಗೆ ಅವಳ ಜಪಮಾಲೆಗೂ ಅದೇ ವಾಸನೆ. ಅಪ್ಪ ಬೇಗ ತೀರಿಕೊಂಡಿದ್ದ. ಅವ್ವನ ನೌಕರಿ ಇದ್ದರೆ ಆ ಮನೆ, ಇಲ್ಲದಿದ್ದರೆ ಬೀದಿ. ಹಿತ್ತಲಲ್ಲೊಂದು ಪೇರಲ ಗಿಡವಿತ್ತು. ಈಗ ಅಲ್ಲಿಗೆ ಹೋದರೆ ಅಡಿಪಾಯದ ಕಲ್ಲೂ ಸಿಗುವುದಿಲ್ಲ.

ತುರ್ತು ಪರಿಸ್ಥಿತಿಯ ದಿನಗಳವು. ಮೂರಕ್ಕಿಂತ ಹೆಚ್ಚು ಮಕ್ಕಳಿರುವ ಗಂಡಸರ ಯಾದಿ ಕೊಡು, ಹಿಡಿದು ತಂದು ಮಕ್ಕಳಾಗದಂತೆ ಆಪರೇಷನ್ ಮಾಡಿಸುತ್ತೇವೆ, ಕೊಡದಿದ್ದರೆ ನೌಕರಿ ಇಲ್ಲ ಎಂದು ಅವ್ವನಿಗೆ ಮೇಲಿನ ಸಾಹೇಬರಿಂದ ಹುಕುಂ ಬಂತು. ನಮ್ಮ ಧರ್ಮದಲ್ಲಿ ಅದು ಪಾಪ. ಅವ್ವ ಚರ್ಚಿನ ಫಾದರನ್ನು ಕೇಳಿದಳು.

“ಸರ್ಕಾರದ ಮಾತ ಕೇಳಬೇಕವ್ವಾ. ಪಾಪ ಮಾಡು ಅಂದಾಗ ಮಾತ್ರ ಒಲ್ಲೆ ಅಂತ ಎದುರಿಗೇ ಹೇಳು, ಕೊಟ್ಟ ಶಿಕ್ಷಾ ತಗೋ. ಸುಳ್ಳಿನ ಹಾದಿ ಹಿಡೀಬ್ಯಾಡ” ಅಂದರು ಅವರು.

ಹೇಳುವುದಕ್ಕೇನು, ಅವರಿಗೆ ಹೆಂಡತಿಯೇ ಮಕ್ಕಳೇ! ಅವ್ವನಿಗೆ ಅಷ್ಟು ಧೈರ್ಯ ಬರಲಿಲ್ಲ. ನನ್ನನ್ನು ಕರೆದುಕೊಂಡು ಚರ್ಚಿನ ಸ್ಮಶಾನಕ್ಕೆ ಹೋಗಿ, ಶಿಲುಬೆಗಳ ಮೇಲಿನ ಹೆಸರು ಬರೆದುಕೊಂಡು, ಅದನ್ನೇ ಯಾದಿ ಮಾಡಿ ಕೊಟ್ಟಳು. ಸತ್ತವರನ್ನು ಯಾರು ಹಿಡಿಯುತ್ತಾರೆ ಎಂದುಕೊಂಡಳು, ಪಾಪ.

ಒಂದು ಬೆಳಿಗ್ಗೆ ಪಕ್ಕದ ಓಣಿಯ ಹೆಂಗಸೊಬ್ಬಳು ಎದೆ ಬಡಿದುಕೊಳ್ಳುತ್ತ ಓಡಿಬಂದಳು. ಜೀಪಿನವರು ಸತ್ತುಹೋದ ಅವಳ ಗಂಡನನ್ನು ಕೇಳಿಕೊಂಡು ಬಂದಿದ್ದರಂತೆ. ಅವನು ಸಿಗದ್ದಕ್ಕೆ ಮೈದುನ ಪೇದ್ರುವನ್ನು ಎತ್ತಿಹಾಕಿಕೊಂಡು ಹೋಗಿದ್ದರು. ಪೇದ್ರುವಿಗೆ ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ.

ಅವ್ವ ತಕ್ಷಣ ಎದ್ದಳು. ಚಪ್ಪಲಿ ಮೆಟ್ಟಿ ಹೊರಟವಳ ಸೆರಗನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನನಗಾಗ ಹನ್ನೊಂದು ವರ್ಷ, ಎಲ್ಲ ತಿಳಿಯುತ್ತಿತ್ತು.

“ಹೋಗಬ್ಯಾಡ ಅವ್ವಾ, ನಮ್ಮ ಮನಿ ಹೋಗತೈತಿ!”

“ಹೋಗ್ಲಿ ಬಿಡ, ಮಗಳ” ಎಂದು ಸೆರಗು ಬಿಡಿಸಿಕೊಂಡಳು. ಯಾದಿ ಸುಳ್ಳು, ಬರೆದವಳು ನಾನು ಎಂದು ಸಾಹೇಬರ ಎದುರಿಗೆ ಒಪ್ಪಿಕೊಂಡಳು. ಪೇದ್ರು ಮಧ್ಯಾಹ್ನಕ್ಕೆ ಮನೆಗೆ ಬಂದ. ನಾವು ಎಂಟು ದಿನದಲ್ಲಿ ಮನೆ ಖಾಲಿ ಮಾಡಿದೆವು.

ಆಮೇಲೆ ಬೆಳಗಾವಿ, ಟಿಳಕವಾಡಿಯಲ್ಲಿ ಬಾಡಿಗೆಯ ಒಂದೇ ಕೋಣೆ. ಅವ್ವ ಮಂದಿಯ ಮನೆಯ ಬಾಣಂತನ ಮಾಡಿದಳು. ಶಾಲೆ ಬಿಟ್ಟ ನಾನು ಅವರ ಬಟ್ಟೆ ಒಗೆದೆ. ಆ ದಣಿವು ಇನ್ನೂ ಮೈಬಿಟ್ಟು ಹೋಗಿಲ್ಲ. ಪೇದ್ರುವಿನ ಮಕ್ಕಳು ಈಗಲೂ ನನ್ನನ್ನು ಕಂಡರೆ ಕೈಮುಗಿಯುತ್ತಾರೆ. ಅವರ ಮುಖ ನೋಡಿದರೆ ಅವ್ವ ಮಾಡಿದ್ದು ಸರಿ ಅಂತ ನನಗೂ ಗೊತ್ತಾಗುತ್ತದೆ.

ಕಡೆಯ ಬೇನೆಯಲ್ಲಿ ಮಲಗಿದ್ದಾಗ ಅವ್ವ ಕೇಳಿದಳು: “ಅವತ್ತ ನಿನ್ನ ಕೈ ಬಿಡಿಸಿಕೊಂಡು ಹೋದ್ನೆಲ್ಲಾ, ಸಿಟ್ಟ ಐತೇನ ಇನ್ನೂ?”

“ಇಲ್ಲವ್ವಾ” ಅಂದೆ. ಆ ಸುಳ್ಳನ್ನು ಚರ್ಚಿನ ಪಾಪನಿವೇದನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ.