ಏಳನೆಯ ಮನೆಯ ಕೆಂಡ

ಕಕ್ಕೇರಾದ ಆಚೆ, ಕೃಷ್ಣೆಯ ದಂಡೆಯ ಆ ಓಣಿಯಲ್ಲಿ ಹನ್ನೊಂದು ಮನೆ. ಆರನೆಯದರಲ್ಲಿ ಅಂಬಿಗರ ಶೇಖಮ್ಮ, ಏಳನೆಯದರಲ್ಲಿ ಹತ್ತಿ ಹಿಂಜುವ ಖಾಜಾಮಿಯಾನ ಹೆಂಡತಿ ಹಜರಾಬೀ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು.

ರಜಾಕಾರರ ಹಾವಳಿಯ ವರ್ಷ ಕಳ್ಳರಿಗೆ ಹೇಳುವವರು ಕೇಳುವವರು ಇರಲಿಲ್ಲ. ಹೊರಗಿನಿಂದ ಚಿಲಕ ಹಾಕಿ, ಮನೆಯವರನ್ನು ಒಳಗೆ ಕೂಡಿಹಾಕಿ, ನೆಲದಡಿಯ ಹಗೇವಿನ ಜೋಳ ಹೊತ್ತೊಯ್ಯುತ್ತಿದ್ದರು. ಹಾಗೊಮ್ಮೆ ಓಣಿಯ ಮುದುಕಿ ಭಾಗಮ್ಮ ಮಧ್ಯಾಹ್ನದವರೆಗೆ ಕೂಗಿಕೊಂಡರೂ ಯಾರಿಗೂ ಕೇಳಿಸಲಿಲ್ಲ. ಆಗ ಉಪಾಯ ಹೇಳಿದವಳು ಶೇಖಮ್ಮ. ಕಡ್ಡಿಪೆಟ್ಟಿಗೆ ಸಿಗದ ಕಾಲ; ಹೇಗೂ ಒಬ್ಬರ ಒಲೆಯಿಂದ ಒಬ್ಬರು ಬೆಂಕಿ ತರುತ್ತಿದ್ದರು. ಅದು ಸಾಲಾಗಿ ನಡೆಯಲಿ ಎಂದಳು. ಬೆಳಗಾದೊಡನೆ ಮೊದಲನೆಯ ಮನೆಯವಳು ಕುಳ್ಳಿನ ಮೇಲೆ ಕೆಂಡವಿಟ್ಟು ಎರಡನೆಯ ಮನೆಗೆ ಒಯ್ಯಬೇಕು, ಎರಡನೆಯವಳು ಮೂರನೆಯ ಮನೆಗೆ. ಎಲ್ಲಿ ಬಾಗಿಲು ತೆರೆಯುವುದಿಲ್ಲವೋ ಅಲ್ಲಿ ಓಣಿಯೆಲ್ಲ ಕೂಡಬೇಕು. ದೇವರ ದೀಪದಷ್ಟೇ ನೇಮದಿಂದ ಹೆಂಗಸರು ಅದನ್ನು ನಡೆಸಿದರು. ಕಳ್ಳತನ ನಿಂತಿತು.

ಆಮೇಲೆ ಭಾರತದ ಫೌಜು ಬಂತು, ನಿಜಾಮನ ಆಳ್ವಿಕೆ ಹೋಯಿತು. ಅಂಜಿಕೆ ಹೋಗಲಿಲ್ಲ, ಮನೆ ಬದಲಿಸಿತು; ಈಗ ಮುಸಲ್ಮಾನರ ಮನೆ ಹೊಕ್ಕಿತು. ಕೆಲಸಕ್ಕೆಂದು ಶಹಾಪುರಕ್ಕೆ ಹೋದ ಖಾಜಾಮಿಯಾ ತಿರುಗಿ ಬರಲಿಲ್ಲ.

ಒಂದು ಸಂಜೆ ಮೊದಲನೆಯ ಮನೆಯ ಮೌನಪ್ಪ ಶೇಖಮ್ಮನ ಬಾಗಿಲಿಗೆ ಬಂದ. ಓಣಿಗೆ ಅವನದೇ ಹಿರಿತನ.

"ಯಕ್ಕಾ, ನಾಳಿಂದ ಏಳನೇ ಮನಿ ಬಿಟ್ಟು ಎಂಟನೇದಕ್ಕ ಕೊಡು. ಮಂದಿ ಕಣ್ಣು ನಮ್ಮ ಓಣಿ ಮ್ಯಾಲ ಬಿದ್ದದ."

"ನಿನ್ನ ಮಗಳ ಬಾಣಂತನ ಮಾಡಿದಾಕಿ ಅಲ್ಲೇನೋ ಆಕಿ?"

"ನಾ ಇಲ್ಲ ಅಂದೀನೇನು? ನಾಕು ದಿನ ಅಷ್ಟ. ಗದ್ದಲ ಕಡಿಮಿ ಆಗ್ಲಿ."

ನಾಲ್ಕು ದಿನ ತಾನೆ ಎಂದು ಶೇಖಮ್ಮ ಒಪ್ಪಿಕೊಂಡಳು.

ಮರುದಿನ ಬೆಳಿಗ್ಗೆ ಕೆಂಡ ಹಿಡಿದು ಹೊರಟವಳು ಹಜರಾಬೀಯ ಬಾಗಿಲ ಕಡೆ ಕತ್ತೆತ್ತಿ ನೋಡಲಿಲ್ಲ. ನೋಡಲು ಮುಖವಿರಲಿಲ್ಲ. ಒಳಗೆ ದಬದಬ ಸದ್ದು ಕೇಳಿಸಿತು. ಹತ್ತಿ ಬಡಿಯುತ್ತಿದ್ದಾಳೆ ಎಂದುಕೊಂಡು ಎಂಟನೆಯ ಮನೆಗೆ ನಡೆದಳು.

ಹೊತ್ತು ನೆತ್ತಿಗೇರಿದರೂ ಹಜರಾಬೀ ನೀರಿಗೆ ಬರಲಿಲ್ಲ. ಶೇಖಮ್ಮ ಓಡಿದಳು. ಬಾಗಿಲಿಗೆ ಹೊರಗಿನ ಚಿಲಕ ಹಾಕಿತ್ತು. ಹಿತ್ತಲ ಗೋಡೆಗೆ ಕನ್ನ. ಕಾಳಿಲ್ಲ, ಪಾತ್ರೆಯಿಲ್ಲ, ಗಂಡನ ಹಿಂಜುವ ಬಿಲ್ಲೂ ಇಲ್ಲ. ಕೈಕಾಲು ಕಟ್ಟಿಸಿಕೊಂಡಿದ್ದ ಹಜರಾಬೀ ಬಾಗಿಲವರೆಗೆ ಉರುಳಿಕೊಂಡು ಬಂದು ಹಿಮ್ಮಡಿಯಿಂದ ಒದ್ದಿದ್ದಳು. ಹಿಮ್ಮಡಿ ಒಡೆದು ರಕ್ತ ಒಣಗಿತ್ತು. ಬಾಯಿಗೆ ತುರುಕಿದ್ದ ಬಟ್ಟೆಯನ್ನು ಶೇಖಮ್ಮ ತೆಗೆದಳು.

"ನಿನ್ನ ಹೆಜ್ಜಿ ಸಪ್ಪಳ ಗುರ್ತು ಹತ್ತಿತು, ಶೇಖವ್ವ. ಅದಕ್ಕ ಒದ್ದೆ."

"ಹತ್ತಿ ಬಡೀಲಿಕತ್ತಿ ಅಂದ್ಕೊಂಡೆ, ನಮ್ಮವ್ವ."

"ನನ್ನ ಮನ್ಯಾಗ ಹತ್ತಿ ಎಲ್ಲದ? ಅವರು ಹೋಗಿ ತಿಂಗಳಾತು."

ಕದ್ದವರು ಯಾರೆಂದು ತಿಳಿಯಲೇ ಇಲ್ಲ. ಮರುದಿನ ಶೇಖಮ್ಮ ಕೆಂಡ ಹಿಡಿದು ಹೊರಟಾಗ ಮೌನಪ್ಪ ಅಡ್ಡ ನಿಂತ.

"ಸರಿ ಆಕಡಿ. ಇಲ್ಲಂದ್ರ ನಾಳಿಂದ ನಿನ್ನ ಮನಿ ಬೆಂಕಿ ನನ್ನ ಹೊಸ್ತಿಲ ದಾಟಂಗಿಲ್ಲ. ಸಾಲು ನನ್ನ ಬಾಗಿಲಿಗೇ ಮುರೀತದ," ಎಂದಳು ಶೇಖಮ್ಮ.

ಅವನು ಸರಿದ.

ಏಳನೆಯ ಬಾಗಿಲಿನ ಹೊರಚಿಲಕವನ್ನು ಯಾರೋ ಕಿತ್ತಿದ್ದರು. ಮೊಳೆಯ ತೂತುಗಳಷ್ಟೇ ಉಳಿದಿದ್ದವು. ಬಾಗಿಲು ಗೇಣಷ್ಟು ತೆರೆಯಿತು. ಹಜರಾಬೀ ಕೆಂಡ ತೆಗೆದುಕೊಂಡಳು. ಒಳಗಿನ ಅಗುಳಿ ಬಿತ್ತು. ಕೆಂಡವನ್ನು ಎಂಟನೆಯ ಮನೆಗೆ ಒಯ್ಯಲು ಅವಳು ಅಂದೂ ಬರಲಿಲ್ಲ, ಮತ್ತೆಂದೂ ಬರಲಿಲ್ಲ.

ಬದುಕಿರುವತನಕ ಶೇಖಮ್ಮ ದಿನಾ ಬೆಳಿಗ್ಗೆ ಎರಡು ಕೆಂಡ ಒಯ್ದಳು.