ಅಜ್ಜಿ ಹೇಳಿದ ಸಾಕ್ಷಿ

ಚಳಿಗಾಲದಲ್ಲಿ ಹೊಸಕೋಟೆ ಬಸ್ ನಿಲ್ದಾಣದ ಹೊರಗೆ ಅವರೆಕಾಯಿ ರಾಶಿ ಹಾಕಿಕೊಂಡು ಕೂರುವ ಹೆಂಗಸರನ್ನು ದಾಟುವಾಗ ಈಗಲೂ ನನ್ನ ಹೆಜ್ಜೆ ನಿಧಾನವಾಗುತ್ತದೆ. ಇಬ್ಬನಿ ಬಿದ್ದ ಕಾಯಿಯ ಸೊಗಡು ಒಮ್ಮೆ ಕೈಗೆ ಅಂಟಿದರೆ ಎರಡು ದಿನ ಬಿಡುವುದಿಲ್ಲ. ಆ ವಾಸನೆಗೆ ನಮ್ಮ ಹಳ್ಳಿಯ ಮನೆ ನೆನಪಿಗೆ ಬರುತ್ತದೆ. ನಿಮಗೂ ಅಂಥದ್ದೊಂದು ಮನೆ ಇದ್ದಿರಬಹುದು. ನಮ್ಮದು ಹೆಂಚಿನ ಮನೆ, ಮುಂದೆ ಚಪ್ಪಡಿ ಹಾಸಿದ ಜಗಲಿ. ಜಗಲಿಯ ಮೇಲೆ ಕಾಲು ಚಾಚಿ ಕೂತು ಅಜ್ಜಿ ಮತ್ತು ಅಮ್ಮ ಕಾಯಿ ಸುಲಿಯುತ್ತಿದ್ದರು. ಅಜ್ಜಿ ಅಂದರೆ ಅಪ್ಪನ ತಾಯಿ, ಮುನಿಯಮ್ಮ. ಅತ್ತೆ ಸೊಸೆ ಇಬ್ಬರದೂ ಮಾತು ಕಮ್ಮಿ. ಒಬ್ಬಳು ಸುಲಿದ ಕಾಳನ್ನು ಇನ್ನೊಬ್ಬಳು ನೀರಿಗೆ ಹಾಕುವಳು, ನೆನೆದದ್ದನ್ನು ಹಿಚುಕುವುದು ನನ್ನ ಪಾಲು. ಕಾಳು ಬೆರಳಿಂದ ಚಿಮ್ಮಿ ಹಸುವಿನ ಕಾಲಬುಡಕ್ಕೆ ಬಿದ್ದರೆ ಅಜ್ಜಿ ಸದ್ದಿಲ್ಲದೆ ನಗುತ್ತಿದ್ದಳು. ಆ ಮನೆ ಈಗಿಲ್ಲ. ಅಲ್ಲೊಂದು ತಗಡಿನ ಗೋದಾಮು ಎದ್ದಿದೆ, ದಿನವಿಡೀ ಲಾರಿಗಳು ಬಂದು ಹೋಗುತ್ತವೆ.

ಅಪ್ಪ ಹಳೇ ಮದ್ರಾಸ್ ರಸ್ತೆಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ. ಕೆಟ್ಟ ಮನುಷ್ಯ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನನ್ನಿಂದ ಆಗುವುದಿಲ್ಲ. ನನ್ನ ಪುಸ್ತಕಗಳಿಗೆಲ್ಲ ಬೈಂಡ್ ಹಾಕಿ ದುಂಡಗೆ ಹೆಸರು ಬರೆದುಕೊಡುತ್ತಿದ್ದವನೂ ಅವನೇ. ಆದರೆ ಸಿಟ್ಟು ಬಂದರೆ ಅಮ್ಮನ ಮೇಲೆ ಕೈ ಮಾಡುತ್ತಿದ್ದ. ಮೊದಲು ಎಂದಾದರೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಕೊನೆಕೊನೆಗೆ ಸಾರಿಗೆ ಉಪ್ಪು ಹೆಚ್ಚಾದರೂ ಸಾಕಿತ್ತು. ಅಜ್ಜಿ ನಡುವೆ ಬಂದು ನಿಲ್ಲುತ್ತಿದ್ದಳು. ಒಂದು ಸಲ ಏಟು ಅವಳಿಗೇ ಬಿತ್ತು. ಮಾರನೆಯ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟ ಮೇಲೆ ಅಜ್ಜಿ ಅಟ್ಟದಿಂದ ಚೀಲ ಇಳಿಸಿ ಅಮ್ಮನ ಸೀರೆಗಳನ್ನೂ ನನ್ನ ಯೂನಿಫಾರ್ಮನ್ನೂ ತುಂಬಿದಳು. ಆಗ ನನಗೆ ಒಂಬತ್ತು ವರ್ಷ.

"ನಡಿ ಸುಮಾ," ಅಂತ ಅಮ್ಮನಿಗೆ ಅಂದಳು.

"ಎಲ್ಲಿಗೆ ಅತ್ತೆ?"

"ನಿಮ್ಮಣ್ಣನ ಮನೆಗೆ. ನಾನು ಕರ್ಯೋವರ್ಗೂ ಬರ್ಬೇಡ. ನಾನಂತೂ ಕರ್ಯಲ್ಲ."

ಚೀಲವನ್ನು ತಲೆಯ ಮೇಲೆ ಹೊತ್ತು ಬಸ್ ಸ್ಟಾಪಿನವರೆಗೂ ಬಂದಳು. ಬಸ್ಸು ಹೊರಟಾಗ ಕೈ ಬೀಸಲಿಲ್ಲ. ಹಸುಗಳಿಗೆ ಇನ್ನೂ ನೀರು ತೋರಿಸಿರಲಿಲ್ಲ, ಸೆರಗು ಸಿಕ್ಕಿಸಿಕೊಂಡು ಬೇಗಬೇಗ ಹಿಂದಿರುಗಿದಳು.

ಮಾವನ ಮನೆ ಇದ್ದದ್ದು ನೆಲಮಂಗಲದಲ್ಲಿ. ಎರಡು ವರ್ಷ ಕಳೆದ ಮೇಲೆ ಅಲ್ಲಿಗೆ ಕೋರ್ಟಿನ ನೋಟಿಸ್ ಬಂತು. ಹೆಂಡತಿ ಕಾರಣವಿಲ್ಲದೆ ಮನೆ ಬಿಟ್ಟು ಹೋಗಿದ್ದಾಳೆ, ವಿಚ್ಛೇದನ ಕೊಡಿಸಿ, ಮಗಳನ್ನು ನನ್ನ ವಶಕ್ಕೆ ಕೊಡಿಸಿ ಎಂದು ಅಪ್ಪ ಅರ್ಜಿ ಹಾಕಿದ್ದ. ಅವನ ಕಡೆಯ ಮುಖ್ಯ ಸಾಕ್ಷಿ ಅಜ್ಜಿ. ಸೊಸೆ ತಾನಾಗಿಯೇ ಹೋದಳು ಎಂದು ಟೈಪ್ ಮಾಡಿದ ಹಾಳೆಗೆ ಅವಳ ಹೆಬ್ಬೆಟ್ಟು ಒತ್ತಿಸಿಯೂ ಆಗಿತ್ತು. ಅದರ ಮೇಲೆ ಪ್ರಶ್ನೆ ಕೇಳುವ ದಿನ ನಾನು ಹೊರಗೆ ವರಾಂಡದ ಬೆಂಚಿನ ಮೇಲೆ ಮಾವನ ಪಕ್ಕ ಕೂತಿದ್ದೆ. ಒಳಗೆ ನಡೆದದ್ದನ್ನು ಅಮ್ಮ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ಅಮ್ಮನ ವಕೀಲರು ಆ ಹಾಳೆ ಓದಿ, "ನಿಮ್ಮ ಸೊಸೆ ಯಾರಿಗೂ ಹೇಳದೆ ಹೋದ್ರಾ?" ಅಂತ ಕೇಳಿದರಂತೆ. ಅಜ್ಜಿ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇಲ್ಲ ಸ್ವಾಮಿ. ನಾನೇ ಬಸ್ ಹತ್ತಿಸಿ ಕಳಿಸ್ದೆ," ಅಂದಳಂತೆ. ಯಾಕೆ ಅಂತ ನ್ಯಾಯಾಧೀಶರೇ ಕೇಳಿದರು. "ಇದ್ದಿದ್ರೆ ನನ್ ಮಗ ಯಾವತ್ತಾದ್ರೂ ಸಾಯಿಸ್ಬಿಡ್ತಿದ್ದ. ಇವ್ಳು ಸಾಯೋದೂ ನಂಗೆ ಬೇಕಿರ್ಲಿಲ್ಲ, ಅವ್ನು ಜೈಲಿಗೆ ಹೋಗೋದೂ ಬೇಕಿರ್ಲಿಲ್ಲ." ಆ ಹೇಳಿಕೆಯ ನಕಲು ಈಗ ನನ್ನ ಬೀರುವಿನಲ್ಲಿದೆ. ಅದರಲ್ಲಿ, "ಸದರಿ ಸೊಸೆಯನ್ನು ನಾನೇ ಬಸ್ಸು ಹತ್ತಿಸಿ ಕಳುಹಿಸಿರುತ್ತೇನೆ" ಎಂದಿದೆ. ಅಜ್ಜಿ ಜೀವಮಾನದಲ್ಲಿ ಹಾಗೆ ಮಾತಾಡಿದವಳಲ್ಲ, ಆದರೂ ಓದಿದಾಗಲೆಲ್ಲ ಅವಳದೇ ದನಿ ಕೇಳುತ್ತದೆ.

ಅಪ್ಪ ಹೊರಗೆ ಬಂದವನೇ ಬೈಕ್ ಹತ್ತಿ ಹೊರಟುಹೋದ. ಬರುವಾಗ ಅಜ್ಜಿಯನ್ನು ಕರೆದುಕೊಂಡು ಬಂದವನು ಅವನೇ. ಅಜ್ಜಿ ನಮ್ಮ ಹತ್ತಿರ ಬಂದು ಹೊಸಕೋಟೆ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಕೇಳಿದಳು. ಅಮ್ಮ, "ನಮ್ಮ ಜೊತೆ ಬಂದ್ಬಿಡಿ ಅತ್ತೆ," ಅಂದಳು. ಮಾವ ಮುಖ ತಿರುಗಿಸಿಕೊಂಡ. ಅಜ್ಜಿ ಅದನ್ನು ನೋಡಿದಳೋ ಇಲ್ಲವೋ, "ಮನೇಲಿ ಅವ್ನೊಬ್ನೇ ಅವ್ನೆ. ಅಡ್ಗೆ ಯಾರು ಮಾಡ್ತಾರೆ?" ಅಂದಳು. ಆಮೇಲೆ ಮೂರು ವರ್ಷ ಅಪ್ಪ ಅವಳ ಕೈಯಡುಗೆ ಉಂಡ, ಮಾತು ಮಾತ್ರ ಆಡಲಿಲ್ಲ.

ಆ ಹೇಳಿಕೆ ಆದ ಮೇಲೆ ಅಪ್ಪನ ಕೇಸು ನಿಲ್ಲಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿ ವಿಚ್ಛೇದನ ಪಡೆದರು. ನಾನು ಅಮ್ಮನ ಹತ್ತಿರ, ಎರಡನೇ ಮತ್ತು ನಾಲ್ಕನೇ ಶನಿವಾರ ಕೋರ್ಟಿನ ಮಕ್ಕಳ ಕೋಣೆಯಲ್ಲಿ ಅಪ್ಪ ನನ್ನನ್ನು ನೋಡಬಹುದು ಅಂತ ತೀರ್ಪಾಯಿತು. ಅಪ್ಪ ನಾಲ್ಕೈದು ಸಲ ಬಂದ. ಇನ್ನೊಂದು ಮದುವೆಯಾದ ಮೇಲೆ ಬರುವುದು ನಿಂತಿತು. ಒಂದು ಶನಿವಾರ ಅವನ ಬದಲು ಅಜ್ಜಿ ಬಂದಳು. ಬಾಗಿಲಲ್ಲಿದ್ದ ಹೆಂಗಸು ಕಾಗದ ತಿರುವಿ ನೋಡಿ, "ಇದ್ರಲ್ಲಿ ನಿಮ್ಮ ಹೆಸ್ರಿಲ್ಲ ಅಜ್ಜಿ. ತಂದೆ ಮಾತ್ರ," ಅಂದಳು. ಅಜ್ಜಿ ವಾದ ಮಾಡಲಿಲ್ಲ, ಮೆಟ್ಟಿಲ ಮೇಲೆ ಕೂತಳು. ಅಮ್ಮ ನನ್ನ ಕೈ ಹಿಡಿದು ಗೇಟಿನಾಚೆಯ ಹೊಂಗೆಮರದ ಕೆಳಗೆ ಕರೆದುಕೊಂಡು ಹೋದಳು. ಅಜ್ಜಿಯನ್ನೂ ಕರೆದಳು. "ಒಂದ್ ಗಂಟೆ ಮಾತಾಡಿ," ಅಂತ ಹೇಳಿ ತಾನು ಟೀ ಅಂಗಡಿ ಕಡೆ ಹೋದಳು. ಯಾವ ಕಾಗದದಲ್ಲೂ ಇಲ್ಲದ ಆ ಭೇಟಿ ನಾಲ್ಕು ವರ್ಷ ನಡೆಯಿತು. ಹಸು ಕರು ಹಾಕಿದ್ದು, ಪಕ್ಕದ ಹೊಲ ಮಾರಿದ್ದು, ಹೊಸ ಸೊಸೆಗೆ ಮುದ್ದೆ ತಿರುವಲು ಬರದಿದ್ದದ್ದು, ಎಲ್ಲವನ್ನೂ ಅಜ್ಜಿ ಒಂದೇ ಸಮನೆ ಹೇಳುತ್ತಿದ್ದಳು. ಅಪ್ಪನನ್ನು ಮಾತ್ರ ಒಮ್ಮೆಯೂ ಬೈಯಲಿಲ್ಲ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಒಂದು ಬೆಳಿಗ್ಗೆ ಅಪ್ಪ ಫೋನ್ ಮಾಡಿ, "ಅವ್ವ ಹೋದ್ಲು. ಮಗಳನ್ನ ಕಳ್ಸು," ಅಂದ. ಅಮ್ಮ ನನ್ನೊಬ್ಬಳನ್ನೇ ಕಳಿಸಲಿಲ್ಲ, ಜೊತೆಗೆ ತಾನೂ ಬಂದಳು. ಅಂಗಳದಲ್ಲಿ ಅಜ್ಜಿಗೆ ಸ್ನಾನ ಮಾಡಿಸುತ್ತಿದ್ದರು. ಸೊಸೆ ನೀರು ಹಾಕುವ ಹೊತ್ತಿಗೆ ಅಮ್ಮ ಮುಂದೆ ಬಂದಾಗ ನೆಂಟರ ಪೈಕಿ ಹಿರಿಯ ಹೆಂಗಸೊಬ್ಬಳು, "ನೀನೀಗ ಈ ಮನೆಗೆ ಏನೂ ಅಲ್ವಲ್ಲಮ್ಮ," ಅಂದಳು. ಗೋಡೆಗೆ ಒರಗಿ ನಿಂತಿದ್ದ ಅಪ್ಪ ತಲೆಯೆತ್ತದೆ, "ನಮ್ಮವ್ವನ ಸೊಸೆ ಅವ್ಳು. ಹಾಕ್ಲಿ ಬಿಡಿ," ಅಂದ. ಅಪ್ಪನ ಈಗಿನ ಹೆಂಡತಿ ತನ್ನ ಕೈಲಿದ್ದ ಚೊಂಬನ್ನು ಅಮ್ಮನಿಗೆ ಕೊಟ್ಟು ಪಕ್ಕಕ್ಕೆ ಸರಿದಳು. ಅಮ್ಮ ನೀರಿಗೆ ಕೈಯದ್ದಿ ನೋಡಿದಳು. "ತಣ್ಣಗಿದೆ," ಅಂದಳು, ಯಾರಿಗೆ ಅಂತ ಇಲ್ಲದೆ. ಅಪ್ಪ ಬಚ್ಚಲುಮನೆಗೆ ಹೋಗಿ ಹಂಡೆಯಿಂದ ಬಿಸಿನೀರು ತೋಡಿಕೊಂಡು ಬಂದು ಬಕೆಟ್ಟಿಗೆ ಸುರಿದ. ಅಮ್ಮ ಮತ್ತೆ ಕೈಯದ್ದಿ, ಸಾಕು ಅನ್ನುವಂತೆ ತಲೆಯಾಡಿಸಿದಳು. ಅವರಿಬ್ಬರೂ ಸೇರಿ ಒಂದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಕೊನೆ.